ಗುಡಿಯಿಲ್ಲದ ಕಡಲದಂಡೆ

ಕೂಡ್ಲಿಗಿಯ ಸಂತೆಯಲ್ಲಿ ಒಣಮೀನು ಮಾರುವವರು ಒಂದು ಮೂಲೆ ಹಿಡಿದು ಕೂರುತ್ತಾರೆ. ಅವರನ್ನು ಅಲ್ಲಿ ಯಾರು ಕೂರಿಸಿದರೋ ಗೊತ್ತಿಲ್ಲ, ಗಾಳಿಯಂತೂ ಯಾವಾಗಲೂ ಅವರ ಪರವಾಗಿಯೇ ಬೀಸುತ್ತದೆ. ಈ ಸಲ ಒಣಮೆಣಸಿನಕಾಯಿ ಆರಿಸುತ್ತಿದ್ದ ನನ್ನ ಮೂಗಿಗೆ ಆ ವಾಸನೆ ಬಂದು ಬಡಿಯಿತು. ಉಳಿದ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡು ದಾಟುತ್ತಿದ್ದರೆ ನಾನು ಮೂಗರಳಿಸಿಕೊಂಡು ನಿಂತುಬಿಟ್ಟೆ. ಉಪ್ಪು, ಬಿಸಿಲು, ಜೊತೆಗೆ ಕೊಳೆತದ್ದೇನೋ ಒಂದು, ಎಲ್ಲ ಸೇರಿದ ವಾಸನೆ. ನೀವು ಸಮುದ್ರದ ದಂಡೆಗೆ ಹೋಗಿ ಬಂದವರಾದರೆ ಹೇಳಬೇಕಾದ್ದಿಲ್ಲ. ಹೋಗದವರಾದರೆ ನಿಮ್ಮೂರಿನ ಸಂತೆಯಲ್ಲಿ ಒಣಮೀನಿನ ಮುಂದೆ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಲ್ಲಿ, ಬಸ್ ಚಾರ್ಜು ಉಳಿಯುತ್ತದೆ.

"ಅಕ್ಕಾ, ಮೀನು ತಿನ್ನಾಕ ಯಾವಾಗಿಂದ ಕಲ್ತಿ? ನಡಿಯವಾ ಅತ್ಲಾಗ, ವಾಂತಿ ಬರಂಗಾತು," ಎಂದು ಕೊಟ್ರಮ್ಮ ನನ್ನ ಮೊಣಕೈ ಹಿಡಿದು ಎಳೆದಳು.

ಕೊಟ್ರಮ್ಮ ನಮ್ಮ ಪಕ್ಕದ ಮನೆಯವಳು. ನನಗಿಂತ ಒಂದೆರಡು ವರ್ಷ ಸಣ್ಣವಳು. ಬರುವ ಸೋಮವಾರ ನಾವಿಬ್ಬರೂ ಸಮುದ್ರಕ್ಕೆ ಹೊರಟಿದ್ದೇವೆ. ಅದರ ತಯಾರಿಗೆಂದೇ ಸಂತೆಗೆ ಬಂದದ್ದು. ಆದರೆ ಅವಳ ಮಟ್ಟಿಗೆ ನಾವು ಹೋಗುತ್ತಿರುವುದು ಸಮುದ್ರ ನೋಡಲಿಕ್ಕಲ್ಲ, ಅಲ್ಲಿರುವ ದೇವಿಗೆ ಹರಕೆ ಒಪ್ಪಿಸಲಿಕ್ಕೆ. ಅಲ್ಲಿ ದೇವಿಯೇ ಇಲ್ಲ. ಇದು ಗೊತ್ತಿರುವುದು ನನಗೊಬ್ಬಳಿಗೇ. ಈ ಫಜೀತಿ ಹೇಗಾಯಿತು ಅಂತ ಹೇಳುತ್ತೇನೆ, ಸ್ವಲ್ಪ ಸುತ್ತಿ ಬಳಸಿ ಹೇಳುತ್ತೇನೆ. ನೆಟ್ಟಗೆ ಹೇಳುವ ಅಭ್ಯಾಸ ನನಗೆ ಮೊದಲಿನಿಂದಲೂ ಇಲ್ಲ.

ನಮ್ಮ ಮನೆಯವರದು ಮೋಟಾರು ರಿಪೇರಿ ಅಂಗಡಿ. ಬೋರ್‌ವೆಲ್ಲಿನ ಮೋಟಾರು ಸುಟ್ಟಿತೆಂದರೆ ಸುತ್ತಲಿನ ಹಳ್ಳಿಯವರು, ಕಾನಹೊಸಹಳ್ಳಿ ಕಡೆಯವರು ಕೂಡ, ಆಟೋದಲ್ಲಿ ಹಾಕಿಕೊಂಡು ಇವರ ಹತ್ತಿರವೇ ಬರುತ್ತಿದ್ದರು. ಸುಟ್ಟ ತಂತಿ ಬಿಚ್ಚಿ, ಹೊಸ ತಾಮ್ರದ ತಂತಿ ಸುತ್ತಿ ಕೊಡುವುದು ಇವರ ಕೆಲಸ. ನಮ್ಮ ಕಡೆ ನೀರೆಂದರೆ ಪಾತಾಳದಲ್ಲಿರುವ ವಸ್ತು. ಅದು ತಾನಾಗಿ ಮೇಲೆ ಬಂದದ್ದನ್ನು ನಾವ್ಯಾರೂ ಕಂಡವರಲ್ಲ. ಇವರು ಉಣ್ಣಲು ಕೂತು ಎರಡನೆಯ ರೊಟ್ಟಿ ಮುರಿಯುವ ಹೊತ್ತಿಗೆ ಬಾಗಿಲಲ್ಲಿ ಯಾರೋ ಒಬ್ಬರು ನಿಂತಿರುತ್ತಿದ್ದರು. "ಯಜಮಾನ್ರ, ಬೆಳಿ ಬಾಡಾಕ ಹತ್ತೈತ್ರೀ." ಅಷ್ಟೇ, ಎಡಗೈಯಲ್ಲಿ ಚೊಂಬು ಹಿಡಿದು ಎದ್ದೇಬಿಡುತ್ತಿದ್ದರು. ತಟ್ಟೆಯ ಮುಂದೆ ನಾನು ಬೈಯುತ್ತಾ ಕೂರುತ್ತಿದ್ದೆ.

ಅಂಥ ಮನುಷ್ಯ ಒಂದು ದಿನ ಕೈಗೆ ಸೀಮೆಎಣ್ಣೆ ಹಚ್ಚಿಕೊಂಡು ಕರಿ ತಿಕ್ಕುತ್ತಾ, "ಲೇ, ಮೋಟ್ರಿಲ್ದ ಬರೋ ನೀರು ಒಂದ್ಸಲ ನೋಡ್ಬೇಕಲೇ," ಅಂದರು.

"ಅದೆಲ್ಲೈತಿ ಅಂಥಾದ್ದು?"

"ಸಮುದ್ರ."

ನಾನು ನಕ್ಕೆ. ನಮ್ಮ ಕಡೆ ಊರು ಬಿಟ್ಟು ಹೊರಡಲಿಕ್ಕೆ ಇರುವ ಕಾರಣಗಳೇ ನಾಲ್ಕು: ದೇವರು, ಮದುವೆ, ದವಾಖಾನೆ, ಕೋರ್ಟು. ಈ ನಾಲ್ಕರಲ್ಲಿ ಯಾವುದೂ ಇಲ್ಲದೆ ಬಸ್ಸು ಹತ್ತಿದವನಿಗೆ ತಲೆ ಕೆಟ್ಟಿದೆ, ಇಲ್ಲವೇ ಮನೆಯಲ್ಲಿ ಜಗಳವಾಗಿದೆ ಅಂತ ಅರ್ಥ. ನಾವು ಸಮುದ್ರಕ್ಕೆ ಹೋಗುತ್ತೇವೆಂದು ತಿಳಿದಾಗ ಓಣಿಯವರೆಲ್ಲ ಕೇಳಿದ್ದು ಒಂದೇ ಮಾತು, ಅಲ್ಲಿ ಯಾವ ದೇವರು ಅಂತ. ಇವರು ಎಲ್ಲರಿಗೂ, "ಐತಿ, ಭಾಳ ದೊಡ್ಡದೈತಿ," ಎಂದು ಹೇಳಿ ಮುಗುಳ್ನಗುತ್ತಿದ್ದರು. ನಾನಾದರೂ ಕಡಿಮೆಯೇ? ಬುತ್ತಿಗೆ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳುವಾಗ ಅದರ ಜೊತೆಗೇ ಒಂದು ತೆಂಗಿನಕಾಯಿ, ಊದಿನಕಡ್ಡಿ, ಕರ್ಪೂರ ಇಟ್ಟುಕೊಂಡೆ. ಊರು ದಾಟುವಾಗ ಇವಿಲ್ಲದ ಚೀಲ ಹಿಡಿದು ನನಗೆ ರೂಢಿಯೇ ಇರಲಿಲ್ಲ.

ಕೊಟ್ಟೂರು, ಹರಪನಹಳ್ಳಿ, ಹರಿಹರ ಎಂದು ಬಸ್ಸು ಬದಲಿಸುತ್ತಾ, ಘಾಟಿಯ ತಿರುವುಗಳಲ್ಲಿ ತಿಂದದ್ದನ್ನೆಲ್ಲ ಅರ್ಪಿಸುತ್ತಾ, ಅಂತೂ ಕೆಳಗಿಳಿದೆವು. ಸಮುದ್ರದ ದಂಡೆಯಲ್ಲೇ ಸರ್ಕಾರದವರು ಮಾಡಿದ ಒಂದು ದೊಡ್ಡ ಉದ್ಯಾನ ಅದು. ಬಾಗಿಲಲ್ಲೇ ಒಂದು ಬೋರ್ಡು, ಇಲ್ಲಿ ನೀವು ಏನೇನು ಮಾಡಬಹುದು ಅಂತ. ದೋಣಿ ಹತ್ತಬಹುದು. ಕೆಸರಿನಲ್ಲಿ ಬೆಳೆದ ಕಾಂಡ್ಲಾ ಗಿಡಗಳ ನಡುವೆ ಹಲಗೆ ಹಾಸಿದ ದಾರಿಯಲ್ಲಿ ನಡೆಯಬಹುದು. ಅಟ್ಟಣಿಗೆ ಏರಿ ಹಕ್ಕಿ ನೋಡಬಹುದು. ಕಪ್ಪೆಚಿಪ್ಪು, ಶಂಖ ಇಟ್ಟ ಕೋಣೆ ನೋಡಬಹುದು. ಇವರು ಬೋರ್ಡನ್ನು ಎರಡೆರಡು ಸಲ ಓದಿ, "ನಡಿ, ಒಂದೊಂದಾ ಮುಗ್ಸಿಬಿಡಾಣ," ಅಂದರು. ಮೋಟಾರು ಬಿಚ್ಚುವಾಗಲೂ ಹಾಗೆಯೇ ಅನ್ನುತ್ತಿದ್ದರು.

ನಾನು ಮಾತ್ರ ಮೊದಲು ನೀರಿನ ಹತ್ತಿರ ಹೋಗಿ ಎರಡು ಹನಿ ತಲೆಗೆ ಚಿಮುಕಿಸಿಕೊಂಡು, ಕಡ್ಡಿ ಹಚ್ಚಿ, ಅಲ್ಲೇ ಒಂದು ಕಲ್ಲಿಗೆ ಕಾಯಿ ಒಡೆದೆ. ಅಷ್ಟು ನೀರು ಕಂಡ ಮೇಲೆ ಕೈ ಮುಗಿಯದೆ ಇರುವುದು ಹೇಗೆ? ಕಾವಲಿನ ಹುಡುಗ ಸೀಟಿ ಊದುತ್ತಾ ಓಡಿ ಬಂದ. "ಎಂತ ಮಾಡ್ತಿದ್ದೀರಿ ಅಮ್ಮಾ? ಇಲ್ಲಿ ಕಾಯಿ ಗೀಯಿ ಒಡೆಯುವ ಹಾಗಿಲ್ಲ. ಇದು ಪಾರ್ಕು." ಇವರು ಅವನ ಕೈಗೇ ಒಂದು ಹೋಳು ಕೊಟ್ಟರು. ಅವನು ಏನು ಮಾಡಬೇಕೆಂದು ತಿಳಿಯದೆ ತಿನ್ನತೊಡಗಿದ. ಸಮಯ ನೋಡಿ ಇವರು ಕೇಳಿದರು:

"ತಮ್ಮಾ, ಬೆಳಿಗ್ಗೆ ಬಸ್ಸಿಳಿದಾಗ ನೀರು ಅಷ್ಟು ದೂರ ಇತ್ತು, ಈಗ ಇಲ್ಲಿಗೆ ಬಂದೈತಿ. ಇಷ್ಟು ನೀರು ಎತ್ತೋದು ಯಾರಪ್ಪಾ?"

"ಎತ್ತುವುದಾ? ಚಂದ್ರ ಮಾರಾಯ್ರೇ."

ಇವರು ಹಗಲಿನ ಆಕಾಶವನ್ನು ಕತ್ತೆತ್ತಿ ನೋಡಿದ ಆ ಮುಖ ನನಗಿನ್ನೂ ಕಣ್ಣಿಗೆ ಕಟ್ಟಿದೆ. ಊರಿಗೆ ಬಂದ ಮೇಲೆ ಅಂಗಡಿಗೆ ಬಂದವರಿಗೆಲ್ಲ ಅದನ್ನೇ ಹೇಳಿದರು. "ಮ್ಯಾಲೆ ಒಂದು ಮೋಟ್ರು ಐತಲೇ. ಕರೆಂಟು ಬ್ಯಾಡ, ವೈಂಡಿಂಗ್ ಸುಡಂಗಿಲ್ಲ. ಅದು ಇಲ್ಲಿ ಇದ್ದಿದ್ರ ನನ್ನ ಹೊಟ್ಟಿಗೆ ಕಲ್ಲು ಬೀಳ್ತಿತ್ತು."

ಬೋರ್ಡಿನಲ್ಲಿದ್ದದ್ದೆಲ್ಲ ಮುಗಿಯಿತು. ದೋಣಿಯಲ್ಲಿ ನಾನು ಕಣ್ಣು ಬಿಡಲಿಲ್ಲ, ಹಾಗಾಗಿ ದೋಣಿಯ ಬಗ್ಗೆ ನನ್ನನ್ನು ಕೇಳಬೇಡಿ. ಹಲಗೆ ದಾರಿಯ ಕೆಳಗೆ ಸಣ್ಣ ಸಣ್ಣ ಏಡಿಗಳು ನಮ್ಮ ಹೆಜ್ಜೆಯ ಸದ್ದಿಗೆ ಬಿಲ ಸೇರುತ್ತಿದ್ದವು. ಎಲ್ಲಾ ಆದ ಮೇಲೆ ಇವರು ಮರಳಿನ ಮೇಲೆ ಟವೆಲ್ಲು ಹಾಸಿಕೊಂಡು ಕೂತರು. ಕೂತವರು ಏಳಲಿಲ್ಲ. ಯಾರೂ ಬಂದು ಕರೆಯಲಿಲ್ಲ, ಯಾರ ಬೆಳೆಯೂ ಬಾಡಲಿಲ್ಲ. ಮದುವೆಯಾದಾಗಿನಿಂದ ಈ ಮನುಷ್ಯ ಸುಮ್ಮನೆ ಕೂತದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ. ನಾನೂ ಪಕ್ಕದಲ್ಲಿ ಕೂತೆ. ಏನು ಮಾತಾಡಿದಿರಿ ಅಂತ ಕೇಳಿದರೆ, ಏನೂ ಇಲ್ಲ. ಆ ಮಧ್ಯಾಹ್ನದಷ್ಟು ಸುಖ ನನಗೆ ಮೊದಲೂ ಸಿಕ್ಕಿರಲಿಲ್ಲ, ಆಮೇಲೂ ಸಿಗಲಿಲ್ಲ.

ವಾಪಸು ಬಂದ ದಿನ ಓಣಿಯವರು ಪ್ರಸಾದಕ್ಕೆ ಬಂದರು. ಅದು ನಮಗೆ ಹೊಳೆದೇ ಇರಲಿಲ್ಲ. ನಾನು ಕಕ್ಕಾಬಿಕ್ಕಿಯಾಗಿ ನಿಂತಿದ್ದರೆ, ಇವರು ದಾರಿಯಲ್ಲಿ ತಿನ್ನಲೆಂದು ಹರಿಹರದಲ್ಲಿ ಕೊಂಡಿದ್ದ ಮಂಡಕ್ಕಿಯ ಚೀಲ ಬಿಚ್ಚಿ ಒಬ್ಬೊಬ್ಬರಿಗೂ ಒಂದೊಂದು ಹಿಡಿ ಕೊಟ್ಟುಬಿಟ್ಟರು. ಕೊಟ್ರಮ್ಮ ಅದನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ಅಂದಿನಿಂದ ಅವಳ ಪಾಲಿಗೆ ಸಮುದ್ರದ ದಂಡೆಯಲ್ಲಿ ಒಬ್ಬ ದೇವಿ ನೆಲೆಸಿದಳು. ಹೆಂಗಸೇ ಯಾಕಾದಳೋ ನನಗೂ ಗೊತ್ತಿಲ್ಲ.

ಇವರು ಹೋಗಿ ಎರಡು ವರ್ಷದ ಮೇಲಾಯಿತು. ಎದೆನೋವು ಅಂದರು, ದವಾಖಾನೆ ಮುಟ್ಟುವ ಮೊದಲೇ ಹೋದರು. ನಮಗೆ ಮಕ್ಕಳಿಲ್ಲ. ಅಂಗಡಿಯನ್ನು ಈಗ ಮೊಬೈಲಿನವನೊಬ್ಬ ಬಾಡಿಗೆಗೆ ಹಿಡಿದಿದ್ದಾನೆ. ಒಬ್ಬಳೇ ಇರುವುದು ಅಭ್ಯಾಸವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಸುಳ್ಳು. ಅಭ್ಯಾಸವಾಗುವುದು ಒಬ್ಬರಿಗೆ ಅಡುಗೆ ಮಾಡುವುದು ಮಾತ್ರ. ಅದೂ ನನಗೆ ಇನ್ನೂ ಸರಿಯಾಗಿ ಬಂದಿಲ್ಲ, ಸಾರು ಮರುದಿನಕ್ಕೂ ಉಳಿಯುತ್ತದೆ. ಸಂಜೆಯಾದರೆ ಟಿವಿಯವರ ಜೊತೆ ಜಗಳವಾಡುತ್ತೇನೆ. ಅವರು ತಿರುಗಿ ಒಂದು ಮಾತು ಆಡಲಿ ಅನ್ನಿಸುತ್ತದೆ, ಆಡುವುದಿಲ್ಲ.

ಆಗೀಗ ಮನಸ್ಸು ಒಂದೇ ಹಟ ಹಿಡಿಯುತ್ತದೆ, ಅವರು ಕೂತಲ್ಲಿ ಒಮ್ಮೆ ಹೋಗಿ ಕೂರಬೇಕು ಅಂತ. ಬೇರೇನೂ ಬೇಡ. ಈ ಮನೆಯ ಮೂಲೆಮೂಲೆಯಲ್ಲೂ ಅವರು ಅವಸರದಲ್ಲಿ ಏಳುವುದೇ ಕಾಣುತ್ತದೆ. ಕೂತದ್ದು ಕಾಣಬೇಕೆಂದರೆ ಅಲ್ಲಿಗೇ ಹೋಗಬೇಕು.

ಹೋದ ವರ್ಷ ಯಾರಿಗೂ ಹೇಳದೆ ಹೊರಟೂ ಬಿಟ್ಟಿದ್ದೆ. ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಮುಂದಿನ ಬಸ್ಸಿಗೆ ಕಾಯುತ್ತಾ ಕೂತಾಗ ಪಕ್ಕದಲ್ಲಿದ್ದ ಹೆಂಗಸು ಎಲೆ ಅಡಿಕೆ ಕೊಟ್ಟು, ಪ್ರೀತಿಯಿಂದಲೇ ಕೇಳಿದಳು, "ಯಾರ ಮನಿಗೆ ಹೊಂಟೀರಬೇ? ಒಬ್ರ ಅದೀರಲ್ಲ." ಯಾರ ಮನೆಗೂ ಇಲ್ಲ, ಯಾವ ಗುಡಿಗೂ ಇಲ್ಲ, ಸುಮ್ಮನೆ ಕೂರಲಿಕ್ಕೆ ಅಂತ ಹೇಳಿದರೆ ಆಕೆ ಏನು ತಿಳಿದಾಳು? ಗಂಡ ಹೋದ ಮೇಲೆ ಸಮುದ್ರಕ್ಕೆ ಒಬ್ಬಳೇ ಹೊರಟವಳ ಬಗ್ಗೆ ಏನು ತಿಳಿಯಬೇಕೋ ಅದನ್ನೇ ತಿಳಿದಾಳು, ಪೊಲೀಸರನ್ನೂ ಕರೆದಾಳು. ಎದ್ದು ಹೋಗಿ ಕೂಡ್ಲಿಗಿಯ ಬಸ್ಸು ಹತ್ತಿದೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಹೆದರಿಕೆಗಿಂತ ನನಗೆ ಸಿಟ್ಟು ಹೆಚ್ಚು ಬಂದಿತ್ತು.

ಆಮೇಲೆಯೇ ಕೊಟ್ರಮ್ಮನ ಮುಂದೆ ಆ ಮಾತು ಆಡಿದ್ದು: "ನಮ್ಮೋರು ಬೇಡ್ಕಂಡಿದ್ದ ಹರಕಿ ಒಂದು ಉಳದೈತಿ. ಜೋಡಿಗೆ ಯಾರಾರ ಬಂದಿದ್ರ..." ಸುಮ್ಮನೆ ನೋಡಲು ಬಾ ಎಂದಿದ್ದರೆ ಅವಳ ಮನೆಯಲ್ಲಿ ಯಾರು ಬಿಡುತ್ತಿದ್ದರು? ಕುರಿ ಹಟ್ಟಿ, ಇಬ್ಬರು ಸೊಸೆಯಂದಿರು, ಮೊಮ್ಮಕ್ಕಳು, ಮಾತಿಗೊಮ್ಮೆ ಗದರುವ ಗಂಡ. ಗೋಡೆಯಾಚೆಯಿಂದ ಬೆಳಗಿನಿಂದ ಒಂದೇ ಕೂಗು, "ಕೊಟ್ರಮ್ಮ, ನೀರು," "ಅತ್ತೀ, ಕೂಸು," "ಯವ್ವಾ, ರೊಟ್ಟಿ." ಹಾಳಾದ್ದು, ನನ್ನ ಮನೆಯಲ್ಲಿ ಅಂಥ ಒಂದು ಕೂಗಾದರೂ ಇದ್ದಿದ್ದರೆ ಅಂದುಕೊಳ್ಳುತ್ತಿದ್ದೆ. ಆದರೆ ಹರಕೆ ಎಂದ ಕೂಡಲೇ ಆ ಗಂಡನೇ, "ದೇವ್ರ ಕೆಲ್ಸ ಬ್ಯಾಡನ್ನಬಾರ್ದು, ಹೋಗಿ ಬಾ," ಅಂದನಂತೆ.

ನನ್ನ ಸುಳ್ಳಿಗೆ ಅಲ್ಲಿಂದ ಕೈಕಾಲು ಬಂದವು. ಕೊಟ್ರಮ್ಮ ಮಂಗಳವಾರ ಒಪ್ಪೊತ್ತು ಊಟ ಹಿಡಿದಳು. ದೇವಿಗೆ ಉಡಿ ತುಂಬಲೆಂದು ಹಸಿರು ಕುಬಸದ ಖಣ ತಂದಳು. ಮಂಡಿನೋವು ಹೇಳಿಕೊಳ್ಳುತ್ತೇನೆ, ಸಣ್ಣ ಸೊಸೆಯ ಬಸುರು ನಿಲ್ಲಲಿ ಎಂದು ಕೇಳಿಕೊಳ್ಳುತ್ತೇನೆ ಅಂದಳು. ನಿಜ ಹೇಳಿದರೆ ಬರುವುದಿಲ್ಲ. ಅವಳು ಬಾರದಿದ್ದರೆ ನಾನು ಈ ಜನ್ಮದಲ್ಲಿ ಹರಪನಹಳ್ಳಿ ದಾಟುವವಳಲ್ಲ. ಹೇಳದೆ ಕರೆದುಕೊಂಡು ಹೋದರೆ, ಖಣ ಹಿಡಿದು ಆ ಮರಳಿನಲ್ಲಿ ಗುಡಿ ಎಲ್ಲಿ ಎಂದು ಸುತ್ತುವ ಅವಳನ್ನು ನೋಡಬೇಕು.

ಸಂತೆಯಲ್ಲಿ ಮೀನಿನವರನ್ನು ದಾಟಿ ಬಳೆಯ ಅಂಗಡಿಗೆ ಬಂದೆವು. ಕೊಟ್ರಮ್ಮ ಹಸಿರು ಗಾಜಿನ ಬಳೆ ಕೈಗೆತ್ತಿಕೊಂಡು ತಿರುಗಿ ಕೇಳಿದಳು, "ಅಕ್ಕಾ, ನೀನು ನೋಡಿ ಬಂದಾಕಿ. ದೇವಿ ಕೈ ಯಾವ ಅಳತಿ ಐತಿ?"

ನನ್ನಿಂದ ಆಗಲಿಲ್ಲ.

"ತಗಬ್ಯಾಡ ಕೊಟ್ರಮ್ಮ. ಅಲ್ಲಿ ದೇವಿ ಇಲ್ಲ."

"ಇಲ್ಲಂದ್ರ?"

"ಗುಡಿನೂ ಇಲ್ಲ. ಅವತ್ತು ಕೊಟ್ಟಿದ್ದು ಹರಿಹರದ ಮಂಡಕ್ಕಿ. ಹರಕಿ ಅಂದಿದ್ದೂ ಸುಳ್ಳು. ನಮ್ಮೋರು ಕುಂತಿದ್ದ ಜಾಗದಾಗ ಒಂದ್ಸಲ ಕುಂದ್ರಬೇಕಂತ ಐತಿ. ಒಬ್ಬಾಕಿ ಹೋಗಾಕ ನನ್ನ ಕೈಲಿ ಆಗ್ವಲ್ದು."

ಕೊಟ್ರಮ್ಮ ಬಳೆಗಳನ್ನು ಇದ್ದಲ್ಲಿಯೇ ಇಟ್ಟಳು. ಬಳೆಯವನು ನಮ್ಮಿಬ್ಬರ ಮುಖ ನೋಡಿ ಬೇರೆ ಗಿರಾಕಿಯ ಕಡೆ ತಿರುಗಿಕೊಂಡ. ಅವಳು ಬೇವಿನ ಮರದ ನೆರಳಿನ ತನಕ ನಡೆದಳು. ನಾನು ಹಿಂದೆ ಹಿಂದೆ ಹೋದೆ. ಬೈಯಲಿ, ಬೈದರೆ ಹಗುರಾಗುತ್ತದೆ ಅಂದುಕೊಂಡೆ.

"ಮತ್ತ ಅಷ್ಟು ದೂರ ಹೋಗಿ ಮಾಡೋದೇನು ಅಲ್ಲಿ?" ಎಂದಳು.

ದೋಣಿ ಹೇಳಿದೆ, ಹಲಗೆ ದಾರಿ ಹೇಳಿದೆ, ಏಡಿ, ಹಕ್ಕಿ, ಶಂಖದ ಕೋಣೆ, ಎಲ್ಲಾ ಹೇಳಿದೆ.

"ಅದೆಲ್ಲಾ ಒಪ್ಪೊತ್ತಿಗೆ ಮುಗೀತೈತಿ. ಆಮ್ಯಾಲೆ?"

"ಆಮ್ಯಾಲೆ ಏನಿಲ್ಲ. ಸುಮ್ನ ಕುಂದ್ರೋದು."

"ಸುಮ್ನ ಅಂದ್ರ?"

"ಸುಮ್ನ. ಕೈಯಾಗ ಏನೂ ಇಲ್ದ, ನೀರು ನೋಡ್ಕಂತ."

ಅವಳು ಅತ್ತಿತ್ತ ನೋಡಿದಳು. ಆಮೇಲೆ ಯಾರಾದರೂ ಕೇಳಿಸಿಕೊಂಡಾರು ಎನ್ನುವ ಹಾಗೆ ದನಿ ತಗ್ಗಿಸಿದಳು.

"ಯಾರೂ ಎಬ್ಸಂಗಿಲ್ಲೇನು ಅಕ್ಕಾ?"

ಇಲ್ಲ ಅಂದೆ. ಇಷ್ಟು ವರ್ಷ ಒಂದೇ ಗೋಡೆಯ ಈಚೆ ಕೂತು ಅವಳ ಮನೆಯ ಕೂಗಿಗೆ ಆಸೆಪಡುತ್ತಿದ್ದ ನನಗೆ, ಆ ಕೂಗಿನ ನಡುವೆ ಇವಳೂ ಒಬ್ಬಳೇ ಇದ್ದಾಳೆಂಬುದು ತಿಳಿದೇ ಇರಲಿಲ್ಲ.

"ಹಂಗಾರ ಮನ್ಯಾಗ ಹರಕಿ ಅಂತನ ಇರ್ಲಿ," ಎಂದಳು ಕೊಟ್ರಮ್ಮ. "ಎರಡು ದಿನ ಜಾಸ್ತಿ ಆಗ್ತೈತಿ ಅಂತ ಹೇಳಿ ಬರ್ತೀನಿ."