ಮಡಗಾಸ್ಕರಿನ ಕಲ್ಲಿಗೆ ಅರಿಶಿನ

ಶಿಕಾಗೋ ವಿಮಾನನಿಲ್ದಾಣದ ತಪಾಸಣೆಯ ಮೇಜಿನ ಮೇಲೆ ನಮ್ಮತ್ತೆಯ ಕಲ್ಲು ಕೂತಿತ್ತು. ಅದನ್ನು ತರಲು ಮಡಗಾಸ್ಕರ್ ದ್ವೀಪದವರು ಕೊಟ್ಟ ಪರವಾನಗಿ ಸರಿಯಾಗಿಯೇ ಇತ್ತು. ಆದರೆ ಅಧಿಕಾರಿ ಕಲ್ಲಿಗಂಟಿದ ಹಳದಿ, ಕೆಂಪು ಪುಡಿಯತ್ತ ಬೆರಳು ತೋರಿಸಿ, ಮಣ್ಣು ಮೆತ್ತಿದ್ದನ್ನು ದೇಶದೊಳಗೆ ಬಿಡುವುದಿಲ್ಲ ಎಂದ.

ಅತ್ತೆ ಮೈಸೂರಿನಲ್ಲಿ ಮೂವತ್ತು ವರ್ಷ ಭೂವಿಜ್ಞಾನ ಕಲಿಸಿದವರು. ಒಂದು ಚೂರೂ ಮಣ್ಣು ಉಳಿಯಬಾರದೆಂದು ಹಲ್ಲುಜ್ಜುವ ಬ್ರಷ್ಷಿನಲ್ಲಿ ಆ ಕಲ್ಲನ್ನು ಮೂರು ದಿನ ತಿಕ್ಕಿದ್ದರು. ಪುಡಿ ನನ್ನ ಕೆಲಸ. ಆ ದ್ವೀಪದ ಜನ ಹಿರಿಯರ ನೆನಪಿಗೆ ನೆಟ್ಟ ಕಲ್ಲುಗಳಿಗೆ ಜೇನು, ಕೊಬ್ಬು ಸವರುವುದನ್ನು ನೋಡಿ ಮಾರುಹೋಗಿದ್ದೆ. ಅಲ್ಲಿಂದ ಹೊರಡುವ ಬೆಳಿಗ್ಗೆ ಅತ್ತೆಗೆ ಹೇಳದೆ ಅವರ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಪೆಟ್ಟಿಗೆಗೆ ಹಾಕಿದ್ದೆ.

"ನೀನೇನೇ ಹಚ್ಚಿದ್ದು?" ಎಂದರು ಅತ್ತೆ.

"ಪ್ರಯಾಣಕ್ಕೆ ಒಳ್ಳೇದಾಗ್ಲಿ ಅಂತ."

ಅವರು ಬೈಯಲಿಲ್ಲ. ಒದ್ದೆ ಟಿಶ್ಯೂ ಕೇಳಿ ಪಡೆದು ಕಲ್ಲನ್ನು ಒರೆಸಿದರು. ಮಾಂಗಲ್ಯದ ಜೊತೆಗೇ ಕೊರಳಲ್ಲಿ ತೂಗುವ ಪುಟ್ಟ ಭೂತಗನ್ನಡಿಯನ್ನು ಅಧಿಕಾರಿಯ ಕೈಗಿತ್ತು ಇಂಗ್ಲಿಷಿನಲ್ಲಿ ಪಾಠ ಶುರು ಮಾಡಿದರು. ಮಡಗಾಸ್ಕರ್ ದ್ವೀಪವೂ ನಮ್ಮ ಕರಾವಳಿಯೂ ಒಂದು ಕಾಲಕ್ಕೆ ಒಂದೇ ನೆಲವಾಗಿದ್ದವು, ಬೇರೆಯಾಗುವಾಗ ಉಕ್ಕಿದ ಲಾವಾ ಇದು, ಇದರ ಒಡಹುಟ್ಟಿದ ಕಲ್ಲು ಮಲ್ಪೆಯ ಸಮುದ್ರದಲ್ಲಿ ಈಗಲೂ ನಿಂತಿದೆ ಎಂದರು. ಆತ ಬಗ್ಗಿ ನೋಡಿದ. ಪಕ್ಕದ ಮೇಜಿನವಳನ್ನೂ ಕರೆದು ತೋರಿಸಿದ. ಆಮೇಲೆ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಅತ್ತೆಗೆ ಕೊಟ್ಟ.

ಹೆದ್ದಾರಿಯಲ್ಲಿ ನಮ್ಮ ಮನೆಯಿರುವ ಶಾಮ್‌ಬರ್ಗಿನ ಎಕ್ಸಿಟ್ ಬರುವವರೆಗೂ ಕಲ್ಲು ಅವರ ಮಡಿಲಲ್ಲೇ ಇತ್ತು.

"ಮನೆಗೆ ಹೋದ್ಮೇಲೆ ಇನ್ನೊಂದ್ಸಲ ಅರಿಶಿನ ಹಚ್ಚು," ಎಂದರು. "ಈ ಸಲ ಸ್ವಲ್ಪ ಜಾಸ್ತೀನೇ ಇರ್ಲಿ."