ಎಡಗೈಯ ಬೆಸುಗೆ

ಹಳೆಯ ಸ್ಟೀಲ್ ಪಾತ್ರೆ ತಂದರೆ ತೂಕ ಹಾಕಿ ಹೊಸದು ಕೊಡುತ್ತಾರೆ ಎಂದು ಜಯನಗರದ ಅಂಗಡಿಯೊಂದರ ಬಗ್ಗೆ ಯಾರೋ ಹೇಳಿದ್ದೇ ತಡ, ಮೊನ್ನೆ ಅಟ್ಟದ ಮೇಲಿದ್ದುದನ್ನೆಲ್ಲ ಇಳಿಸಿ ನಡುಮನೆಯಲ್ಲಿ ಹರಡಿಕೊಂಡು ಕೂತೆ. ನಮ್ಮಂಥವರ ಅಟ್ಟದ ಗತಿ ನಿಮಗೂ ಗೊತ್ತಿರಬೇಕು. ಗೃಹಪ್ರವೇಶಕ್ಕೆ ಬಂದ ಒಂದೇ ಅಳತೆಯ ಡಬ್ಬಿಗಳು, ಮುಚ್ಚಳ ಕಳೆದುಕೊಂಡ ಟಿಫಿನ್ ಕ್ಯಾರಿಯರ್, ಯಾರ ಮದುವೆಯದೋ ಹೆಸರು ಕೊರೆಸಿದ ತಟ್ಟೆಗಳು. ದಯೆ ದಾಕ್ಷಿಣ್ಯವಿಲ್ಲದೆ ಎಲ್ಲವನ್ನೂ ಚೀಲಕ್ಕೆ ತುಂಬುತ್ತಿದ್ದವಳು ಒಂದು ಹಾಲಿನ ಪಾತ್ರೆಯನ್ನು ಎತ್ತಿಕೊಂಡೆ. ಹೆಬ್ಬೆರಳು ತಾನಾಗಿ ಹೋಗಿ ಅದರ ಹಿಡಿಯ ಬುಡದಲ್ಲಿ ಕೂತಿತು. ಅಲ್ಲೊಂದು ಸಣ್ಣ ಉಬ್ಬುಗೆರೆ. ಒಂದು ಕಡೆ ನೀಟಾಗಿದೆ, ಇನ್ನೊಂದು ಕಡೆ ತುಸು ಸೊಟ್ಟ. ಚೀಲ ಅಲ್ಲೇ ಬಿದ್ದಿರಲಿ ಎಂದು ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡೆ.

ಆ ಬೆಸುಗೆ ನಾನು ಹಾಕಿದ್ದು. ನಗಬೇಡಿ. ಈಗ ಮೊಬೈಲಿನ ಚಾರ್ಜರ್ ಎಲ್ಲಿ ಚುಚ್ಚಬೇಕೆಂದು ತಡಕಾಡುವ ಈ ಹೆಂಗಸು ಒಂದು ಕಾಲದಲ್ಲಿ ಸೀರೆಯ ಮೇಲೆ ಮಾವನ ಹಳೇ ಖಾಕಿ ಅಂಗಿ ತೊಟ್ಟು, ತಲೆಗೆ ಹೆಲ್ಮೆಟ್ ಏರಿಸಿ, ಸ್ಟೀಲು ಕರಗಿಸುತ್ತಿದ್ದಳು.

ಆಗ ನಾವಿದ್ದದ್ದು ಚಿಕ್ಕಲಸಂದ್ರದಲ್ಲಿ, ಮಾವ ಕಟ್ಟಿಸಿದ ಮನೆಯಲ್ಲಿ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಹೊಲಗಳೆಲ್ಲ ಸೈಟುಗಳಾಗಿ, ಇನ್ನೂ ಮನೆ ಏಳದ ಸೈಟುಗಳಲ್ಲಿ ಎಮ್ಮೆಗಳು ಮೇಯುತ್ತಿದ್ದವು. ಮನೆಯ ಪಕ್ಕದಲ್ಲಿ ಒಂದು ಗ್ಯಾರೇಜು. ಮುಂದೊಂದು ದಿನ ಕಾರು ಬರುತ್ತದೆಂದು ಮಾವ ಕಟ್ಟಿಸಿದ್ದು. ಕಾರು ಬರಲಿಲ್ಲ. ಅವರ ನಿವೃತ್ತಿ ಬಂತು, ಅದರ ಹಿಂದೆಯೇ ಟೆಂಪೋದಲ್ಲಿ ಸೆಕೆಂಡ್‌ಹ್ಯಾಂಡ್ ವೆಲ್ಡಿಂಗ್ ಮಿಷನ್ನು ಬಂತು.

"ರಿಟೈರಾದ್ಮೇಲಾದ್ರೂ ಮನೇಲಿರ್ತಾರೆ ಅಂದ್ಕೊಂಡಿದ್ದೆ," ಎಂದು ಅತ್ತೆ ಗೊಣಗಿದರು.

"ಮನೇಲೇ ಇದೀನಲ್ಲೇ," ಎಂದರು ಮಾವ, ಗ್ಯಾರೇಜಿನ ಒಳಗಿನಿಂದ.

ಮಾವ ಕಾರ್ಖಾನೆಯಲ್ಲಿ ಆರ್ಗಾನ್ ವೆಲ್ಡಿಂಗ್ ಮಾಡುತ್ತಿದ್ದವರು. ಟಿಗ್ ವೆಲ್ಡಿಂಗ್ ಎನ್ನುವುದು ಅದರ ಪುಸ್ತಕದ ಹೆಸರು. ರಸ್ತೆ ಬದಿಯ ಗ್ರಿಲ್ ಅಂಗಡಿಗಳಲ್ಲಿ ಚಟಪಟ ಕಿಡಿ ಹಾರಿಸುತ್ತಾರಲ್ಲ, ಇದು ಹಾಗಲ್ಲ, ಬಲು ನಾಜೂಕಿನ ಕೆಲಸ. ಒಂದು ಕೈಯಲ್ಲಿ ಟಾರ್ಚು. ಅದರ ಟಂಗ್‌ಸ್ಟನ್ ಮೊನೆಯಿಂದ ಬೆಂಕಿ, ಬೆಂಕಿಯ ಸುತ್ತ ಗಾಳಿ ತಾಕದ ಹಾಗೆ ಆರ್ಗಾನ್ ಗ್ಯಾಸಿನ ಕಾವಲು. ಇನ್ನೊಂದು ಕೈಯಲ್ಲಿ ತೆಳ್ಳನೆಯ ತಂತಿಕಡ್ಡಿ. ಬೆಂಕಿ ಲೋಹದ ಮೇಲೆ ಪುಟ್ಟದೊಂದು ಕೊಳ ಮಾಡುತ್ತದೆ. ಆ ಕೊಳಕ್ಕೆ ಕಡ್ಡಿಯನ್ನು ತೊಟ್ಟು ತೊಟ್ಟಾಗಿ ಉಣಿಸುತ್ತ ಮುಂದೆ ಸಾಗಬೇಕು. ಮಾವ ಅದನ್ನು ಕೆರೆ ಎನ್ನುತ್ತಿದ್ದರು. ಹುಡುಗರಾಗಿದ್ದಾಗ ಕೆರೆ ಏರಿಯ ಮೇಲೆ ದನ ಕಾದವರು, ಇನ್ನೇನು ಅಂದಾರು!

ಬೀದಿಯವರೆಲ್ಲ ಕಿತ್ತುಬಂದ ಪಾತ್ರೆ ಹಿಡಿ, ಒಡೆದ ಸ್ಟೀಲ್ ಸ್ಟ್ಯಾಂಡು ತಂದುಕೊಡುತ್ತಿದ್ದರು. ಬೆಸೆಯುವಾಗ ಅವನ್ನು ಅಲ್ಲಾಡದಂತೆ ಹಿಡಿದುಕೊಳ್ಳಲು ಮಾವನಿಗೆ ಇನ್ನೊಬ್ಬರು ಬೇಕಿತ್ತು. ನಮ್ಮವರು ಟ್ಯೂಬ್‌ಲೈಟಿನ ಸ್ಟಾರ್ಟರ್ ಬದಲಾಯಿಸಲೂ ಎಲೆಕ್ಟ್ರಿಷಿಯನ್ ಬರಲಿ ಎನ್ನುವ ಪೈಕಿ. ಹಾಗಾಗಿ ನಾನು ಹೋದೆ. ವಿದ್ಯೆ ಕಲಿಯುವ ಹಂಬಲದಿಂದ ಹೋದೆ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ನಿಜ ಹೇಳುತ್ತೇನೆ. ಮಧ್ಯಾಹ್ನ ಅತ್ತೆ ನನ್ನ ಮಗಳಿಗೆ ಬರೆಯಲು ಕಲಿಸುತ್ತಿದ್ದರು, ಅದನ್ನು ನೋಡುತ್ತಾ ಕೂರಲು ನನ್ನಿಂದ ಆಗುತ್ತಿರಲಿಲ್ಲ.

ಪುಟ್ಟಿ ಆಗಷ್ಟೇ ಶಾಲೆಗೆ ಸೇರಿದ್ದಳು. ಬಳಪ ಕೊಟ್ಟರೆ ಎಡಗೈ, ಬಿಸ್ಕತ್ತು ಕೊಟ್ಟರೆ ಎಡಗೈ. ಅತ್ತೆ ಒಂದು ದಿನವೂ ಗದರಲಿಲ್ಲ, ಹೊಡೆಯುವ ಮಾತಂತೂ ಇಲ್ಲವೇ ಇಲ್ಲ. ಗೋಡೆಗೆ ಒರಗಿ ಕೂತು, "ಈ ಕೈ ಅಜ್ಜಿಗೆ ಕೊಡು ಕಂದ, ಬರೆಯೋಕೆ ಆ ಕೈ," ಎಂದು ಅವಳ ಎಡಗೈಯನ್ನು ತಮ್ಮ ಮಡಿಲಲ್ಲಿ ಹಿಡಿದುಕೊಳ್ಳುತ್ತಿದ್ದರು. ಮಗು ಬಲಗೈಯಲ್ಲಿ ಬಳಪ ಒತ್ತಿ ಒತ್ತಿ ಗೀಚುತ್ತಿತ್ತು. ಇಡೀ ದಿನ ವಟವಟ ಎನ್ನುವ ಹುಡುಗಿ ಸ್ಲೇಟಿನ ಮುಂದೆ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಅದು ಎಂಥ ಮೌನ ಎಂದು ನನಗೆ ಗೊತ್ತಿತ್ತು. ನನ್ನಮ್ಮ ಊಟಕ್ಕೆ ಕೂತಾಗ ನನ್ನ ಎಡಗೈಯನ್ನು ಟವೆಲಿನಿಂದ ಸೊಂಟಕ್ಕೆ ಕಟ್ಟುತ್ತಿದ್ದಳು. ಆಮೇಲೆ ಎಲ್ಲ ಸರಿಹೋಯಿತು. ಬಲಗೈಯಲ್ಲಿ ಉಂಡೆ, ಬರೆದೆ, ಮದುವೆಯಾದೆ. ಎಡಗೈ ಎಂದರೆ ತಪ್ಪು ಕೈ ಎಂದು ನನಗೂ ಎಷ್ಟು ಅಭ್ಯಾಸವಾಗಿತ್ತೆಂದರೆ, ಮಗಳ ಕೈ ಬಿಡಿ ಎನ್ನಲು ನಾಲಿಗೆ ಏಳುತ್ತಿರಲಿಲ್ಲ. ಅತ್ತೆ ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಅಷ್ಟು ಅಕ್ಕರೆಯಿಂದ ಕೈ ಹಿಡಿದವರ ಹತ್ತಿರ ಏನೆಂದು ಜಗಳ ಆಡುವುದು, ಹೇಳಿ? ಎದ್ದು ಗ್ಯಾರೇಜಿಗೆ ಹೋಗಿಬಿಡುತ್ತಿದ್ದೆ.

ಒಂದು ದಿನ ಬಾಯಿ ತಡೆಯದೆ, "ಮಾವ, ನಾನೊಂದ್ಸಲ ಮಾಡ್ಲಾ?" ಎಂದೆ. ಮಾವ ನನ್ನನ್ನೊಮ್ಮೆ, ನನ್ನ ನೈಲಾನ್ ಸೀರೆಯನ್ನೊಮ್ಮೆ ನೋಡಿ, "ಮೊದ್ಲು ಕಾಟನ್ ಉಟ್ಕೊಂಡು ಬಾರಮ್ಮ," ಎಂದರು. ನನ್ನ ಪ್ರವೇಶ ಪರೀಕ್ಷೆ ಅಷ್ಟೇ.

ಅಯ್ಯೋ, ನನ್ನ ಮೊದಲ ದಿನಗಳು! ಟಂಗ್‌ಸ್ಟನ್ ಮೊನೆ ಕೊಳದ ಮೇಲೆ ಕೂದಲೆಳೆಯಷ್ಟು ಎತ್ತರದಲ್ಲಿ ನಿಲ್ಲಬೇಕು, ತಾಗಬಾರದು. ನನ್ನ ಬಲಗೈ ತೂಕಡಿಸುವವರ ತಲೆಯ ಹಾಗೆ ಮೆಲ್ಲಗೆ ಇಳಿದು ತಾಗಿಯೇ ತಾಗುತ್ತಿತ್ತು. ತಾಗಿದರೆ ಮೊನೆ ಹಾಳು, ಬಿಚ್ಚಿ ಗ್ರೈಂಡರ್ ಕಲ್ಲಿಗೆ ಹಿಡಿದು ಮತ್ತೆ ಚೂಪು ಮಾಡಬೇಕು. "ಮುಟ್ಟುಸ್ದಾ? ಹೋಗು, ಮಸ್ಕೊಂಡು ಬಾ," ಎನ್ನುತ್ತಿದ್ದರು ಮಾವ, ಬೇಸರವಿಲ್ಲದೆ. ನಾನು ವೆಲ್ಡಿಂಗ್ ಮಾಡಿದ್ದಕ್ಕಿಂತ ಮಸೆದದ್ದೇ ಹೆಚ್ಚು. ಒಮ್ಮೆ ಹೆಲ್ಮೆಟ್ಟಿನ ಕಪ್ಪುಗಾಜು ಇಳಿಸುವ ಮೊದಲೇ ಸ್ವಿಚ್ ಒತ್ತಿ, ರಾತ್ರಿಯೆಲ್ಲ ಕಣ್ಣಲ್ಲಿ ಮರಳು ಸುರಿದಂತಾಗಿ, ಅತ್ತೆಯ ಕೈಯಲ್ಲಿ ಹಸಿ ಆಲೂಗಡ್ಡೆ ಬಿಲ್ಲೆಯನ್ನೂ ಬೈಗುಳವನ್ನೂ ಒಟ್ಟಿಗೆ ಪಡೆದೆ.

ಎದುರುಮನೆಯವರ ಕಥೆ ಬೇರೆ. ನಮ್ಮ ಮಿಷನ್ನು ಗುಂಯ್ ಎಂದರೆ ವೋಲ್ಟೇಜು ಇಳಿದು ಅವರ ಟೀವಿಯ ಚಿತ್ರ ನಾಲ್ಕೂ ಕಡೆಯಿಂದ ಕುಗ್ಗುತ್ತಿತ್ತು. ಆ ಮನೆಯ ಸೊಸೆ ಕಾಂಪೌಂಡಿನ ಹತ್ತಿರ ಬಂದು, "ಅಂಕಲ್, ಸೀರಿಯಲ್‌ನಲ್ಲಿ ಎಲ್ರೂ ಕುಳ್ಳಗಾಗ್ಬಿಟ್ರು! ಒಂದರ್ಧ ಗಂಟೆ ನಿಲ್ಸಿ ಪ್ಲೀಸ್," ಎಂದು ಕೂಗುತ್ತಿದ್ದಳು. ಮಾವ ನಿಲ್ಲಿಸುತ್ತಿದ್ದರು. ಪಾಪ, ಆ ಬಿಡುವಿನಲ್ಲಿ ಅವರೂ ಒಳಗೆ ಹೋಗಿ ಅದೇ ಸೀರಿಯಲ್ ನೋಡುತ್ತಿದ್ದರು.

ಗ್ಯಾರೇಜಿನಲ್ಲಿ ಫ್ಯಾನ್ ಇತ್ತು, ಆದರೆ ಕೆಲಸ ನಡೆಯುವಾಗ ಹಾಕುವ ಹಾಗಿಲ್ಲ. ಗಾಳಿ ಬೀಸಿದರೆ ಗ್ಯಾಸು ಚದುರಿ ಬೆಸುಗೆ ಕೆಡುತ್ತದೆ. ಇದು ಅತ್ತೆಗೆ ಗೊತ್ತಿಲ್ಲ. ಒಂದು ಸಲ, ಬೇಸಿಗೆಯ ಧಗೆಯಲ್ಲಿ, ನಾನು ಮೊದಲ ಬಾರಿಗೆ ಒಂದು ಬೆರಳುದ್ದ ಗೆರೆಯನ್ನು ನೆಟ್ಟಗೆ ಎಳೆಯುತ್ತಿದ್ದೆ. ಮಜ್ಜಿಗೆ ತಂದ ಅತ್ತೆ, ಸೊಸೆಯ ಬೆನ್ನು ಬೆವರಿನಲ್ಲಿ ತೊಯ್ದಿದ್ದನ್ನು ಕಂಡು ಮರುಗಿ, ಫ್ಯಾನನ್ನು ಪೂರ್ತಿ ಜೋರಿಗೆ ತಿರುಗಿಸಿದರು. ನನ್ನ ಬೆಳ್ಳನೆಯ ಗೆರೆ ಕಣ್ಣೆದುರೇ ಎಳ್ಳು ಉದುರಿಸಿದ ಹಾಗೆ ಕಪ್ಪುಕಪ್ಪು ತೂತಾಯಿತು. ನಾನು ಹೆಲ್ಮೆಟ್ ಎತ್ತಿ ಬಾಯಿ ತೆರೆದೆ. ಮಾವ ನನ್ನ ಕಡೆ ನೋಡಿ ಬೇಡ ಎಂಬಂತೆ ತಲೆಯಾಡಿಸಿದರು. ತೆರೆದ ಬಾಯಿಗೆ ಮಜ್ಜಿಗೆ ಸುರಿದುಕೊಂಡೆ.

ಇಷ್ಟಾದರೂ ನನ್ನ ಕೈ ಕೂರಲಿಲ್ಲ. ಬಿಟ್ಟುಬಿಡೋಣ ಎಂದುಕೊಂಡಿದ್ದೆ. ಆಗ ಬಂತು ಆ ಜಿರಳೆ.

ಗ್ಯಾಸ್ ಸಿಲಿಂಡರಿನ ಹಿಂದಿನಿಂದ ಸರ್ರನೆ ಹೊರಟು ಗೋಡೆ ಹತ್ತುತ್ತಿತ್ತು. ನಾನು ಟಾರ್ಚು ಕೆಳಗಿಟ್ಟು, ಚಪ್ಪಲಿ ಕಳಚಿ, ಒಂದೇ ಏಟಿಗೆ ಅದರ ಕಥೆ ಮುಗಿಸಿದೆ. ತಿರುಗಿದರೆ ಮಾವ ಸ್ಟೂಲಿನ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಾರೆ.

"ಏನಮ್ಮ, ಎಡಗೈಲಿ ಹೊಡೆದಲ್ಲ?"

ನೋಡಿಕೊಂಡೆ. ಚಪ್ಪಲಿ ಎಡಗೈಯಲ್ಲಿತ್ತು. ಕಳ್ಳತನ ಸಿಕ್ಕಿಬಿದ್ದವಳಂತೆ ಅದನ್ನು ಬಲಗೈಗೆ ಬದಲಾಯಿಸಿದೆ.

"ಇಷ್ಟು ದಿನ ಆ ಕೈ ಎಲ್ಲಿಟ್ಟಿದ್ದೆ?" ಎಂದು ಮಾವ ನಕ್ಕರು. "ಟಾರ್ಚು ಆ ಕೈಗೆ ಕೊಡು. ಕಡ್ಡಿ ಬಲಗೈಲಿ ಹಿಡಿ. ಬಡಿಸೋ ಕೈ ಬಡಿಸ್ಲಿ ಬಿಡು."

ಆಮೇಲೆ ಮಾವ ನನ್ನ ಪಕ್ಕದಲ್ಲಿ ಕೂರುವುದನ್ನು ಬಿಟ್ಟು ಎದುರಿಗೆ ಕೂತರು. ಅವರ ಬಲಗೈ ಮಾಡಿದ್ದನ್ನು ನನ್ನ ಎಡಗೈ ಕನ್ನಡಿಯಲ್ಲಿ ನೋಡಿದಂತೆ ಮಾಡಬೇಕು. ಏನು ಹೇಳಲಿ ನಿಮಗೆ! ಟಾರ್ಚು ನಿಂತಿತು. ಎಲ್ಲಿ ನಿಲ್ಲಿಸಿದೆನೋ ಅಲ್ಲೇ ನಿಂತಿತು. ಕಪ್ಪುಗಾಜಿನ ಆಚೆ ಕೊಳ ಥಳಥಳ ಹೊಳೆಯುತ್ತಿತ್ತು, ಬಲಗೈ ಬಡಿಸುತ್ತಿತ್ತು, ಎಡಗೈ ನಡೆಸುತ್ತಿತ್ತು. ಹೆಲ್ಮೆಟ್ಟಿನೊಳಗೆ ನನಗೆ ಅಳು ಬಂತು. ಯಾಕೆಂದು ಆಗ ಗೊತ್ತಾಗಲಿಲ್ಲ, ಸಂತೋಷಕ್ಕೆ ಎಂದುಕೊಂಡೆ. ಸಂತೋಷವೂ ಇತ್ತು ಅನ್ನಿ.

ಆದರೆ ಮನೆಯೊಳಗೆ ಹೋದರೆ ಪುಟ್ಟಿಯ ಎಡಗೈ ಅಜ್ಜಿಯ ಮಡಿಲಲ್ಲೇ ಇರುತ್ತಿತ್ತು. ಗ್ಯಾರೇಜಿನಲ್ಲಿ ನಾನು ಯಾವ ಕೈ ಬಳಸುತ್ತೇನೆಂದು ಅತ್ತೆಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಮಾವ ಹೇಳಲಿಲ್ಲ. "ಅದು ನೀನು ಹೇಳ್ಬೇಕಾದ್ದು," ಎಂದರು ಒಮ್ಮೆ, ನಾನು ಕೇಳದೆಯೇ.

ಆ ವರ್ಷ ಗೌರಿ ಹಬ್ಬ ಇನ್ನೇನು ಬಂತು ಎನ್ನುವಾಗ ಅತ್ತೆಯ ಹಾಲಿನ ಪಾತ್ರೆಯ ಹಿಡಿ ಕಿತ್ತುಬಂತು. ಅವರ ಮದುವೆಯಲ್ಲಿ ತವರಿನವರು ಕೊಟ್ಟದ್ದು, ಮೇಲೆ ಚುಕ್ಕಿಚುಕ್ಕಿಯಾಗಿ ಅವರ ಅಮ್ಮನ ಹೆಸರು ಕೊರೆದದ್ದು. ಗೌರಿಗೆ ಪಾಯಸದ ಹಾಲು ಕಾಯುತ್ತಿದ್ದದ್ದು ಅದರಲ್ಲೇ. ಮಾವ ಕಣ್ಣಿನ ಪೊರೆ ತೆಗೆಸಿಕೊಂಡು ಕಪ್ಪು ಕನ್ನಡಕದಲ್ಲಿದ್ದರು. ಬೆಂಕಿಯ ಹತ್ತಿರ ಸುಳಿಯಬಾರದೆಂದು ಡಾಕ್ಟರ್ ಕಟ್ಟಪ್ಪಣೆ ಮಾಡಿದ್ದರು. "ಬೇರೆ ಕಡೆ ಕೊಡೋಣ," ಎಂದೆ. "ಯಾಕೆ, ನೀನಿಲ್ವಾ?" ಎಂದರು ಅತ್ತೆ. ಬಳಸಿ ಬಳಸಿ ಕಾಗದದಂತೆ ತೆಳುವಾದ ಪಾತ್ರೆ, ಒಂದು ಗಳಿಗೆ ಹೆಚ್ಚು ನಿಂತರೆ ತೂತು.

ಪುಟ್ಟಿ ಮಲಗಿದ ಮೇಲೆ ಶುರುಮಾಡಿದೆ. ಮಾವ ಗ್ಯಾರೇಜಿನ ಹೊರಗೆ, ನಮ್ಮ ಕಡೆ ಬೆನ್ನು ಮಾಡಿ ಕೂತು ಸದ್ದು ಕೇಳುತ್ತಿದ್ದರು. ಅತ್ತೆ ಕೈಯಲ್ಲಿ ಹಿಡಿಯುವ ಕಪ್ಪುಗಾಜಿನ ಗುರಾಣಿಯನ್ನು ಮುಖಕ್ಕೆ ಅಡ್ಡ ಹಿಡಿದು ನನ್ನೆದುರೇ ಕೂತರು. ಟಾರ್ಚು ಎಡಗೈಯಲ್ಲಿ ಹಿಡಿದೆ. ಬೇರೆ ದಾರಿಯಿರಲಿಲ್ಲ. ಬಲಗೈಯಲ್ಲಿ ಹಿಡಿದಿದ್ದರೆ ಅವರಮ್ಮನ ಪಾತ್ರೆ ಉಳಿಯುತ್ತಿರಲಿಲ್ಲ.

ಒಂದು ಬದಿ ಚೆನ್ನಾಗಿ ಬಂತು. "ಅಯ್ಯೋ, ಎಷ್ಟು ಪುಟ್ಟದು!" ಎಂದರು ಅತ್ತೆ ಕೊಳವನ್ನು ನೋಡಿ. ಇನ್ನೊಂದು ಬದಿಯಲ್ಲಿ ತೂತಾದೀತೆಂದು ಅವಸರ ಮಾಡಿ ಗೆರೆ ಸೊಟ್ಟಗಾಯಿತು, ಆದರೆ ತೂತು ಬೀಳಲಿಲ್ಲ. ಹೆಲ್ಮೆಟ್ ಎತ್ತಿದೆ. ಅತ್ತೆ ಪಾತ್ರೆಯನ್ನು ನೋಡುತ್ತಿರಲಿಲ್ಲ. ನನ್ನ ಕೈ ನೋಡುತ್ತಿದ್ದರು.

"ಎಡಗೈಲಿ ಮಾಡಿದ್ಯಾ?"

"ಹೂಂ ಅತ್ತೆ. ನನ್ನ ಕೈ ಅದೇನೇ. ಚಿಕ್ಕೋಳಿದ್ದಾಗ ಅಮ್ಮ ಕಟ್ಟಾಕ್ತಿದ್ಲು." ಶುರುವಾದದ್ದು ನಿಲ್ಲಲಿಲ್ಲ. "ಪುಟ್ಟಿ ಕೈ ಬಿಟ್ಬಿಡಿ ಅತ್ತೆ. ನೀವು ಪ್ರೀತಿಯಿಂದ್ಲೇ ಹಿಡ್ಕೋತೀರ, ನಂಗೊತ್ತು. ಆದ್ರೂ ಬಿಟ್ಬಿಡಿ."

ಅತ್ತೆ ಆರಿದ ಪಾತ್ರೆಯನ್ನು ಎತ್ತಿಕೊಂಡು ಹೋಗಿ ಹಿತ್ತಲಿನ ನಲ್ಲಿಯಲ್ಲಿ ತುಂಬ ನೀರು ಹಿಡಿದರು. ಹಿಡಿಯಿಂದಲೇ ಎತ್ತಿ, ಅಲ್ಲಾಡಿಸಿ, ತಳ ಬುಡ ಎಲ್ಲ ಸೆರಗಿನಿಂದ ಒರೆಸಿ ನೋಡಿದರು. ನಾನು ಬಾಗಿಲಲ್ಲಿ ನಿಂತೇ ಇದ್ದೆ.

"ಸೋರಲ್ಲ," ಎಂದರು. ಪಾತ್ರೆಯ ನೀರು ಚೆಲ್ಲಿ, "ಊಟ ಮಾತ್ರ ಬಲಗೈಲಿ ಮಾಡ್ಲಿ. ಅದೊಂದು ನನ್ ಮಾತು ನಡೆಸ್ಕೊಡು. ಮಿಕ್ಕಿದ್ದು ಅವಳಿಷ್ಟ," ಎಂದರು. ಹೊರಗೆ ಮಾವ ಕೆಮ್ಮಿದ್ದು ಕೇಳಿಸಿತು.

ಮಾರನೇ ದಿನ ಮಧ್ಯಾಹ್ನ ನಾನು ಗ್ಯಾರೇಜಿಗೆ ಹೋಗಲಿಲ್ಲ. ಪುಟ್ಟಿ ಸ್ಲೇಟು ತಂದು ಅಜ್ಜಿಯ ಪಕ್ಕ ಕೂತಳು, ಎಂದಿನಂತೆ ಎಡಗೈಯನ್ನು ಅವರ ಮಡಿಲಿಗೆ ಚಾಚಿದಳು. ಅತ್ತೆ ಆ ಕೈಗೆ ಬಳಪ ಕೊಟ್ಟರು. ಮಗು ನನ್ನ ಮುಖ ನೋಡಿತು, ಅಜ್ಜಿಯ ಮುಖ ನೋಡಿತು, ಬರೆಯಲು ಬಗ್ಗಿತು. ಅತ್ತೆಯ ಕೈಗಳು ಅಭ್ಯಾಸಬಲದಿಂದ ಮುಂದೆ ಬಂದವು. ಹಿಡಿಯಲು ಕೈಯಿರಲಿಲ್ಲ. ಒಂದು ಕ್ಷಣ ಏನು ಮಾಡುವುದೆಂದು ತೋಚದೆ, ಅವರು ಸ್ಲೇಟು ಜಾರದಂತೆ ಅದರ ಎರಡೂ ಅಂಚು ಹಿಡಿದುಕೊಂಡರು. ಸ್ವಲ್ಪ ಹೊತ್ತಿಗೆ ಪುಟ್ಟಿ, "ಅಜ್ಜೀ, ಗಟ್ಟಿಯಾಗಿ ಹಿಡ್ಕೋ, ಅಲ್ಲಾಡ್ತಿದೆ," ಎಂದು ವಟವಟ ಶುರುಮಾಡಿದಳು.

ಮಾವ ಈಗಿಲ್ಲ, ಅತ್ತೆಯೂ ಇಲ್ಲ. ಚಿಕ್ಕಲಸಂದ್ರದ ಆ ಗ್ಯಾರೇಜಿನಲ್ಲಿ ಕೊನೆಗೂ ಕಾರು ನಿಂತಿದೆ. ಪುಟ್ಟಿ ಶಾಲೆಯೊಂದರಲ್ಲಿ ಟೀಚರಾಗಿ ಬೋರ್ಡಿನ ಮೇಲೆ ಎಡಗೈಯಲ್ಲಿ ದುಂಡಗೆ ಬರೆಯುತ್ತಾಳೆ, ಊಟ ಬಲಗೈಯಲ್ಲಿ ಮಾಡುತ್ತಾಳೆ. ಪಾತ್ರೆ ಅಂಗಡಿಗೆ ಹೋಗಲಿಲ್ಲ. ತೊಳೆದು ಅದರಲ್ಲೇ ಹಾಲು ಕಾಯಿಸಿ ಕಾಫಿ ಮಾಡಿಕೊಂಡು ಇದನ್ನು ಬರೆಯಲು ಕೂತೆ. ಬರೆಯುತ್ತಾ ಒಂದು ಹೊಳೆಯಿತು: ಮಗಳ ಕೈ ಬಿಡಿಸಿದೆ, ಸ್ಟೀಲು ಬೆಸೆದೆ, ಆದರೆ ನನ್ನ ಎಡಗೈಗೆ ನಾನು ಇವತ್ತಿನವರೆಗೂ ಒಂದು ಪೆನ್ನು ಕೊಟ್ಟಿಲ್ಲ. ಅದಕ್ಕೇ ಈ ಕೊನೆಯ ಸಾಲುಗಳನ್ನು ಆ ಕೈಯಲ್ಲಿ ಬರೆದಿದ್ದೇನೆ. ಅಕ್ಷರಗಳು ಕಾಗೆ ಕಾಲು ಗುಬ್ಬಿ ಕಾಲು, ಸಾಲು ಅತ್ತೆಯ ಪಾತ್ರೆಯ ಆ ಇನ್ನೊಂದು ಬದಿಯ ಹಾಗೆ ಸೊಟ್ಟ. ಅಚ್ಚಾದ ಮೇಲೆ ನಿಮಗೆ ಗೊತ್ತಾಗುವುದಿಲ್ಲ ಬಿಡಿ.