ಮಾರಾಟವಾಗದ ಲಾಟೀನಿನ ರೇಟು

ನಮ್ಮಪ್ಪ ಮೂವತ್ತನಾಲ್ಕು ವರ್ಷ ಮಾಡಿದ್ದು ಒಂದೇ ಕೆಲಸ. ಅಂಗಡಿಗೆ ಹೋಗುವುದು, ರೇಟು ಕೇಳುವುದು, ಏನೂ ಕೊಳ್ಳದೆ ವಾಪಸ್ ಬರುವುದು. ಇದಕ್ಕೆ ಸರ್ಕಾರ ಸಂಬಳ ಕೊಡುತ್ತಿತ್ತು ಎಂದರೆ ನನ್ನ ಗಂಡನ ಮನೆಯವರು ಇವತ್ತಿಗೂ ನಂಬುವುದಿಲ್ಲ. ವರ್ಷದಿಂದ ವರ್ಷಕ್ಕೆ ದೇಶದಲ್ಲಿ ಬದುಕು ಎಷ್ಟು ದುಬಾರಿಯಾಯಿತು ಎಂದು ಲೆಕ್ಕ ಹಾಕುವ ದೊಡ್ಡ ಕಚೇರಿಗೆ ಅಪ್ಪ ಪ್ರತಿ ತಿಂಗಳು ನೂರ ಹನ್ನೆರಡು ಸಾಮಾನುಗಳ ಬೆಲೆ ಕಳಿಸಬೇಕಿತ್ತು. ಅದೇ ಅಂಗಡಿ, ಅದೇ ಸಾಮಾನು, ಅದೇ ಅಳತೆ. ಒಂದು ತಿಂಗಳೂ ತಪ್ಪಿಸಿದವರಲ್ಲ. ಬೀದಿಯಲ್ಲಿ ಎಲ್ಲರೂ ಅವರನ್ನು ಬೆಲೆ ಮೇಷ್ಟ್ರು ಎಂದೇ ಕರೆಯುತ್ತಿದ್ದರು.

ಪಟ್ಟಿಯಲ್ಲಿದ್ದ ಅಂಗಡಿಗಳಲ್ಲಿ ಅಪ್ಪ ಒಂದು ಸೂಜಿಯನ್ನೂ ಕೊಳ್ಳುತ್ತಿರಲಿಲ್ಲ. ಗಿರಾಕಿಯಾದರೆ ಅಂಗಡಿಯವನು ಮುಲಾಜಿಗೆ ಬಿದ್ದು ಕಡಿಮೆ ರೇಟು ಹೇಳುತ್ತಾನೆ, ಆ ಸುಳ್ಳು ಲೆಕ್ಕಕ್ಕೆ ಸೇರಿಬಿಡುತ್ತದೆ ಎಂಬ ಭಯ. ಹಾಗಾಗಿ ಎದುರಿಗೇ ಅಂಗಡಿಯಿದ್ದರೂ ಅಮ್ಮ ಎರಡು ಬೀದಿ ದಾಟಿ ಸಕ್ಕರೆ ತರಬೇಕಿತ್ತು.

"ಊರಿಗೆಲ್ಲ ರೇಟು ಬರೀತಾರೆ, ಮನೇಲಿ ಸಕ್ಕರೆ ಮುಗಿದಿರೋದು ಮಾತ್ರ ಕಣ್ಣಿಗೆ ಬೀಳಲ್ಲ," ಎಂದು ಗೊಣಗುತ್ತಲೇ ಅವಳು ಚಪ್ಪಲಿ ಮೆಟ್ಟುತ್ತಿದ್ದಳು.

ನಿವೃತ್ತಿಗೆ ಒಂದು ತಿಂಗಳಿರುವಾಗ ಅಪ್ಪನ ಮಂಡಿ ಕೈಕೊಟ್ಟಿತು. ರಜೆ ಹಾಕಿ, ರೇಟು ಬರೆಯುವ ಹಾಳೆಗಳ ಚೀಲ ಹಿಡಿಯಲು ನಾನೇ ಜೊತೆಗೆ ಹೋದೆ. ಒಂಬತ್ತನೇ ಅಂಗಡಿಗೆ ಬರುವಷ್ಟರಲ್ಲಿ ನನ್ನ ಕಾಲೇ ಬಿದ್ದುಹೋಗಿತ್ತು. ಈ ಮನುಷ್ಯ ಇಷ್ಟು ವರ್ಷ ಹೇಗೆ ನಡೆದರೋ ಎಂದು ಮರುಕಕ್ಕಿಂತ ಸಿಟ್ಟೇ ಹೆಚ್ಚು ಬಂತು.

ಅದು ಬಕೆಟ್ಟು, ಬೀಗ, ಮೊಳೆ ಮಾರುವ ಅಂಗಡಿ. "ಬನ್ನಿ ಮೇಷ್ಟ್ರೇ! ಲಾಟೀನು ನಾನೂರ ಹತ್ತು!" ಎಂದು ಅಂಗಡಿಯವರು ದೂರದಿಂದಲೇ ಕೂಗಿದರು. ಮೇಲಿನ ಹಲಗೆಯಿಂದ ಲಾಟೀನು ಇಳಿಸಿ, ಒರೆಸಿ, ಎದುರಿಗಿಟ್ಟರು. ನಾನು ಸುಮ್ಮನಿರದೆ ಬತ್ತಿಯ ತಿರುಪು ತಿರುಗಿಸಿ ನೋಡಿದೆ. ತುಕ್ಕು ಹಿಡಿದು ಕಚ್ಚಿಕೊಂಡಿತ್ತು.

"ಇದನ್ನ ಯಾರು ತಗೋತಾರೆ?" ಎಂದೆ. ಬಾಯಿ ಮುಚ್ಚಿಕೊಂಡಿರಬೇಕಿತ್ತು.

"ಈ ಕಾಲದಲ್ಲಿ ಯಾರು ತಗೋತಾರಮ್ಮ! ಕೊನೇದು ಮಾರಿ ಹನ್ನೊಂದು ವರ್ಷ ಆಯ್ತು. ಇದೊಂದನ್ನ ನಿಮ್ಮಪ್ಪಂಗೋಸ್ಕರನೇ ಇಟ್ಕೊಂಡಿದೀನಿ. ಪಾಪ, ಬಿಸಿಲಲ್ಲಿ ಬರ್ತಾರೆ, ಇಲ್ಲ ಅಂತ ಹೇಗೆ ಕಳಿಸೋದು?"

"ಮತ್ತೆ ರೇಟು?"

"ಬಕೆಟ್ಟು ಏರಿದಾಗ ಇದನ್ನೂ ಒಂದಿಷ್ಟು ಏರಿಸ್ತಿದ್ದೆ. ಜಾಸ್ತಿ ಏನೂ ಏರಿಸಿಲ್ಲಪ್ಪ."

ಅಪ್ಪನ ಪೆನ್ನು ನಿಂತಿತು. ಅವರು ರೇಟು ಕೇಳಿದ್ದರೇ ಹೊರತು ಮಾರಾಟವಾಗುತ್ತದೆಯೇ ಎಂದು ಕೇಳಿರಲಿಲ್ಲ. ಅವರ ಹಾಳೆಯಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ.

ನಾಲ್ಕು ದಿನ ಅಪ್ಪನಿಗೆ ಊಟ ಸೇರಲಿಲ್ಲ. ಹನ್ನೊಂದು ವರ್ಷವೆಂದರೆ ನೂರ ಮೂವತ್ತೆರಡು ತಿಂಗಳು.

"ಒಂದು ಲಾಟೀನಿಂದ ದೇಶ ಮುಳುಗಲ್ಲ, ಎದ್ದು ಊಟ ಮಾಡಿ," ಎಂದಳು ಅಮ್ಮ.

"ಇದೊಂದು ಸುಳ್ಳಾದ್ರೆ ಉಳಿದ ನೂರ ಹನ್ನೊಂದನ್ನ ಯಾರು ನಂಬ್ತಾರೆ? ನನ್ನ ಇಡೀ ಕೆಲಸ ನೀರುಪಾಲು."

ಇನ್ನೇನು ನಿವೃತ್ತಿ, ತೆಪ್ಪಗಿರಿ ಎಂದು ನಾನೂ ಹೇಳಿ ನೋಡಿದೆ. ದುರುಗುಟ್ಟಿ ನೋಡಿದರು. ಮೂರು ಪುಟದ ತಪ್ಪೊಪ್ಪಿಗೆ ಬರೆದು, ಕುಂಟುತ್ತಾ, ದೊಡ್ಡ ಕಚೇರಿಗೆ ತಾವೇ ತೆಗೆದುಕೊಂಡು ಹೊರಟರು. ನಾನೂ ಹಿಂದೆಯೇ ಹೋದೆ.

ಅಲ್ಲಿದ್ದ ಅಧಿಕಾರಿ ನನ್ನದೇ ವಯಸ್ಸಿನ ಹೆಂಗಸು. ಮೂರು ಪುಟವನ್ನೂ ತಾಳ್ಮೆಯಿಂದ ಓದಿ, ಕಂಪ್ಯೂಟರಿನಲ್ಲಿ ಏನೋ ಹುಡುಕಿದಳು.

"ಲಾಟೀನಾ ಸಾರ್? ಹನ್ನೆರಡು ವರ್ಷದ ಹಿಂದೆ ಹೊಸ ಪಟ್ಟಿ ಮಾಡಿದಾಗಲೇ ಅದನ್ನ ಕೈಬಿಟ್ಟಿದ್ರು. ನಿಮ್ಮ ಹಾಳೆಯಿಂದ ತೆಗೆಯೋದು ಯಾರೋ ಮರೆತಿದಾರೆ. ನೀವು ಕಳಿಸಿದ ರೇಟು ಯಾವ ಲೆಕ್ಕಕ್ಕೂ ಸೇರಿಲ್ಲ. ಆರಾಮಾಗಿ ಮನೆಗೆ ಹೋಗಿ."

ನನಗೆ ಹೋದ ಜೀವ ಬಂದಂತಾಯಿತು. ಅಪ್ಪ ಮಾತ್ರ ಕಚೇರಿಯ ಮೆಟ್ಟಿಲ ಮೇಲೆ ಕುಸಿದು ಕುಳಿತರು. ಅಷ್ಟು ಸುಸ್ತಾದ ಮುಖವನ್ನು ನಾನು ಅವರಲ್ಲಿ ಯಾವತ್ತೂ ಕಂಡಿರಲಿಲ್ಲ.

"ಸುಳ್ಳಾದ್ರೂ ಯಾರಿಗೋ ಬೇಕಾಗಿತ್ತು ಅಂದ್ಕೊಂಡಿದ್ದೆ ಕಣೇ," ಎಂದರು.

ನನಗೆ ಅಳು ಬಂತು. ಆ ಹೆಂಗಸಿನ ಮೇಲೆ ಸಿಟ್ಟೂ ಬಂತು. ಪಾಪ, ಅವಳ ತಪ್ಪೇನೂ ಇರಲಿಲ್ಲ.

ಮನೆಗೆ ಹೋಗುವ ಬದಲು ಅಪ್ಪ ಆ ಅಂಗಡಿಯ ದಾರಿ ಹಿಡಿದರು. "ಏನು ಮೇಷ್ಟ್ರೇ, ಒಂದೇ ತಿಂಗಳಲ್ಲಿ ಎರಡು ಸಲ?" ಎನ್ನುತ್ತಾ ಅಂಗಡಿಯವರು ಅಭ್ಯಾಸಬಲದಿಂದ ಹಲಗೆಯತ್ತ ಕೈ ಚಾಚಿದರು. "ಲಾಟೀನು ಅದೇ ರೇಟು, ನಾನೂರ ಹತ್ತು."

ಅಪ್ಪ ಹಣ ಎಣಿಸಿ ಗಲ್ಲಾದ ಮೇಲಿಟ್ಟರು. ಮೂವತ್ತನಾಲ್ಕು ವರ್ಷದ ನೇಮ ನನ್ನ ಕಣ್ಣೆದುರೇ ಮುರಿಯಿತು.

"ಅಯ್ಯೋ, ನಿಮ್ಮತ್ರ ದುಡ್ಡು ತಗೋತೀನಾ? ಸುಮ್ನೆ ತಗೊಂಡ್ ಹೋಗಿ."

"ಬೇಡ, ಹೇಳಿದ ರೇಟೇ ತಗೊಳ್ಳಿ. ಒಂದ್ಸಲನಾದ್ರೂ ಅದು ನಿಜ ಆಗ್ಲಿ."

ಅಂಗಡಿಯವರು ಲಾಟೀನನ್ನು ಹಳೆಯ ಪೇಪರಿನಲ್ಲಿ ಸುತ್ತಿದರು. ಖಾಲಿಯಾದ ಹಲಗೆಯನ್ನು ಒಮ್ಮೆ ನೋಡಿ ತಲೆ ಕೆರೆದುಕೊಂಡರು.

"ಮುಂದಿನ ತಿಂಗಳು ನೀವು ಬಂದ್ರೆ ಏನು ತೋರಿಸ್ಲಿ ಮೇಷ್ಟ್ರೇ?"

"ಮುಂದಿನ ತಿಂಗಳು ನಾನು ಬರಲ್ಲ," ಎಂದರು ಅಪ್ಪ.